ಮನೋವಿಚಾರ: ಅವರು ನಿಜವಾಗಿ ಅಂಜುವುದು ಯಾವುದಕ್ಕೆ?

ಭಯವು ಮನುಷ್ಯನ ಶತ್ರುವೆಂದು ನೀತಿಗ್ರಂಥಗಳು ಸಾರುತ್ತವೆಯಾದರೂ, ವಿಚಾರಿಸಿ ನೋಡಿದರೆ ಅದು ಆತನ ಮೊದಲನೆಯ ಕಾವಲುಗಾರನೆಂದೇ ಹೇಳಬೇಕಾಗುವುದು. ಪುತ್ತೂರು, ಸುಳ್ಯ, ಕಡಬ ಸೀಮೆಗಳಲ್ಲಿ ಅಡಕೆಯ ತೋಟಗಳ ನಡುವೆ ಬಾಳುವ ಗೃಹಸ್ಥರಿಗೆ ಇದನ್ನು ವಿವರಿಸಬೇಕಾದುದಿಲ್ಲ. ಕತ್ತಲಾದ ಮೇಲೆ ದೀಪವಿಲ್ಲದೆ ಅಂಗಳಕ್ಕಿಳಿಯಬಾರದು. ಸೋಗೆಯ ರಾಶಿಯೊಳಕ್ಕೆ ಬರಿಗೈ ಹಾಕಬಾರದು. ಆಟಿ ತಿಂಗಳಲ್ಲಿ ಹೊಳೆಯ ನೀರು ಕೆಂಪಾಗಿ ಏರುವಾಗ ಕಾಲುಸಂಕವನ್ನು ದಾಟಬಾರದು. ಗುಡುಗು ಕೇಳಿಸಿದೊಡನೆ ಮರದ ಬುಡವನ್ನು ಬಿಟ್ಟು ಮನೆಯೊಳಗೆ ಸೇರಬೇಕು. ಇವೆಲ್ಲವೂ ಹಿರಿಯರು ಕಿರಿಯರಿಗೆ ಬಿಟ್ಟುಹೋದ ಭಯದ ಆಸ್ತಿ. ಈ ಆಸ್ತಿಯನ್ನು ಕಳೆದುಕೊಂಡವನು ಹೆಚ್ಚು ಕಾಲ ಬಾಳಲಾರನು.

ಆದರೆ ಇದೇ ಮಣ್ಣಿನಲ್ಲಿ ಇನ್ನೊಂದು ಬಗೆಯ ಭಯವೂ ಬೆಳೆಯುವುದುಂಟು. ಬೇಸಗೆಯಲ್ಲಿ ತೋಡು ಬತ್ತಿ ಪಾದ ಮುಳುಗುವಷ್ಟೂ ನೀರಿಲ್ಲದಿರುವಾಗಲೂ ಸಂಕದ ಮೇಲೆ ಹೆಜ್ಜೆಯಿಡಲಾರದವರುಂಟು. ಹಾವಿನ ಚಿತ್ರವಿರುವ ಪುಟವನ್ನು ತೆರೆಯಲಾರದವರುಂಟು. ಗಂಟಲಿನಲ್ಲಿ ಯಾವ ದೋಷವೂ ಇಲ್ಲದೆ, ಗಂಜಿಯ ತಿಳಿಯ ಹೊರತು ಬೇರೇನನ್ನೂ ನುಂಗಲಾರದವರುಂಟು. ಇಂತಹ ಭಯಕ್ಕೆ ವೈದ್ಯರು ‘ಫೋಬಿಯಾ’ ಎಂದು ಹೆಸರಿಟ್ಟಿರುವರು. ನಾವು ಇದನ್ನು ಭೀತಿರೋಗವೆಂದು ಕರೆಯೋಣ. ಅಪಾಯಕ್ಕೆ ತಕ್ಕುದಲ್ಲದ ಅತಿಯಾದ ಅಂಜಿಕೆ, ಅಂಜಿದ ವಸ್ತುವಿನಿಂದ ಸದಾ ತಪ್ಪಿಸಿಕೊಳ್ಳುವುದು, ಅದರಿಂದ ನಿತ್ಯಜೀವನಕ್ಕೆ ತೊಡಕಾಗುವುದು, ಇವೆಲ್ಲ ಆರು ತಿಂಗಳಿಗೆ ಕಡಿಮೆಯಿಲ್ಲದೆ ನಡೆದುಬರುವುದು, ಇಷ್ಟು ಕೂಡಿದಲ್ಲಿ ರೋಗವೆಂದು ಎಣಿಸುವುದು ಇಂದಿನ ವೈದ್ಯರ ವಾಡಿಕೆ.

ಈ ರೋಗಗಳಿಗೆ ಹೆಸರಿಡುವ ಉತ್ಸಾಹವು ಪಾಶ್ಚಾತ್ಯ ಪಂಡಿತರಲ್ಲಿ ಬಹಳವಾಗಿತ್ತು. ೧೮೭೧ರಲ್ಲಿ ಬರ್ಲಿನ್ನಿನ ವೈದ್ಯನಾದ ವೆಸ್ಟ್‌ಫಾಲನು ವಿಶಾಲವಾದ ಚೌಕಗಳನ್ನೂ ಬರಿದಾದ ಬೀದಿಗಳನ್ನೂ ದಾಟಲಾರದ ರೋಗಿಗಳನ್ನು ವರ್ಣಿಸಿ, ಅವರ ರೋಗವನ್ನು ‘ಅಗೊರಫೋಬಿಯಾ’ ಎಂದು ಕರೆದನು. ೧೯೧೪ರಲ್ಲಿ ಅಮೆರಿಕದ ಸ್ಟ್ಯಾನ್ಲಿ ಹಾಲನು ೧೩೨ ಬಗೆಯ ಭೀತಿಗಳ ಪಟ್ಟಿಯನ್ನೇ ಕೊಟ್ಟನು. ಪಟ್ಟಿಯು ಇಂದಿಗೂ ಬೆಳೆಯುತ್ತಲಿದೆ. ತಾವರೆಯ ಬೀಜಕೋಶ, ಜೇನುಹುಟ್ಟು ಮುಂತಾದ ತೂತುತೂತಾದ ವಸ್ತುಗಳನ್ನು ಕಂಡೊಡನೆ ಮೈಯೆಲ್ಲ ಜುಮ್ಮೆಂದು ಹೇಸಿ ಹಿಂದೆ ಸರಿಯುವವರ ವಿಚಾರವಾಗಿ ಇಂಗ್ಲೆಂಡಿನ ಎಸೆಕ್ಸ್ ವಿಶ್ವವಿದ್ಯಾಲಯದ ಇಬ್ಬರು ಪಂಡಿತರು ೨೦೧೩ರಲ್ಲಿ ಲೇಖನವನ್ನು ಪ್ರಕಟಿಸಿದರು. ಅಂಗಿಯ ಗುಂಡಿಗೆ ಹೆದರುವ ಒಂಬತ್ತು ವರ್ಷದ ಬಾಲಕನೊಬ್ಬನ ವೃತ್ತಾಂತವು ೨೦೦೨ರಲ್ಲಿ ಅಮೆರಿಕದ ವೈದ್ಯಪತ್ರಿಕೆಯೊಂದರಲ್ಲಿ ಬಂದಿದೆ. ಆತನು ಐದು ವರ್ಷದವನಾಗಿದ್ದಾಗ, ಶಾಲೆಯಲ್ಲಿ ಗುಂಡಿಗಳು ತುಂಬಿದ್ದ ಬೋಗುಣಿಯೊಂದು ಆತನ ಮೇಲೆ ಬಿದ್ದಿತ್ತಂತೆ. ಆ ಮೇಲೆ ಗುಂಡಿಯಿರುವ ಬಟ್ಟೆಯನ್ನು ತೊಡುವುದೂ ಕಷ್ಟವಾಯಿತು.

ಇಂತಹ ಸಂಗತಿಗಳನ್ನು ಓದಿ ನಗುವುದು ಸುಲಭ. ಆದರೆ ನಗುವಿಗೆ ಮುಂಚೆ ಒಂದು ಮಾತನ್ನು ಗಮನಿಸಬೇಕು. ರೋಗಿಯು ಬಾಯಿಂದ ಹೇಳುವ ವಸ್ತು ಒಂದಾಗಿದ್ದು, ಮನಸ್ಸಿನೊಳಗೆ ಅಂಜುವ ವಿಷಯವು ಹಲವು ವೇಳೆ ಇನ್ನೊಂದಾಗಿರುವುದು. ಮನೆಯವರು ಮೊದಲನೆಯದನ್ನು ಮಾತ್ರ ಕಾಣುವರು; ಆದುದರಿಂದಲೇ ಅವರ ಸಮಾಧಾನದ ಮಾತುಗಳೆಲ್ಲ ಗುರಿ ತಪ್ಪಿ ಬೀಳುವುವು.

ಸಂಕದ ದೃಷ್ಟಾಂತವನ್ನೇ ತೆಗೆದುಕೊಳ್ಳೋಣ. “ಕೆಳಗೆ ನೀರೇ ಇಲ್ಲವಲ್ಲ, ಏತಕ್ಕೆ ಹೆದರುವೆ?” ಎಂದು ಮನೆಯವರು ಕೇಳುವರು. ಆದರೆ ಹೆದರುವವರಲ್ಲಿ ಎಷ್ಟೋ ಮಂದಿಗೆ ಭಯವಿರುವುದು ನೀರಿನದಲ್ಲ. ನಡುವಿನಲ್ಲಿ ತನ್ನ ಕಾಲುಗಳೇ ತನ್ನ ಮಾತನ್ನು ಕೇಳದೆ ಹೋದಾವು, ತಲೆ ಸುತ್ತೀತು, ಮುಂದಕ್ಕೂ ಹೋಗಲಾರದೆ ಹಿಂದಕ್ಕೂ ಬರಲಾರದೆ ನಿಂತುಬಿಟ್ಟೇನು ಎಂಬುದೇ ಅವರ ಅಂಜಿಕೆ. ಮುರಕಲ್ಲಿನ ಗುಡ್ಡವನ್ನು ಅಡ್ಡಲಾಗಿ ಕೊರೆದು ನೀರನ್ನು ಹೊರತರುವ ಸುರಂಗಗಳು ಕಾಸರಗೋಡಿನಿಂದ ನಮ್ಮ ಸೀಮೆಯ ತನಕ ಹಲವು ಕಡೆಗಳಲ್ಲಿವೆ. ಅವುಗಳೊಳಕ್ಕೆ ಹೋಗಲು ಅಂಜುವವನನ್ನು ಕತ್ತಲೆಗೆ ಹೆದರುವವನೆಂದು ಜನರು ತಿಳಿಯುವರು. ಆತನ ಕೈಗೆ ದೀಪವನ್ನು ಕೊಟ್ಟರೂ ಅಂಜಿಕೆ ಹೋಗದು. ಏಕೆಂದರೆ ಆತನಿಗೆ ಬೇಕಾದುದು ಬೆಳಕಲ್ಲ, ಉಸಿರಾಡುವ ಗಾಳಿ ಮತ್ತು ಹಿಂದಕ್ಕೆ ಬರುವ ದಾರಿ. ಬಸ್ಸಿನ ಬಾಗಿಲು ಮುಚ್ಚಿದೊಡನೆ ಬೆವರುವವನ ಅಂಜಿಕೆಯೂ ಇದೇ ಜಾತಿಯದು.

ಪುತ್ತೂರಿನ ಮಹಾಲಿಂಗೇಶ್ವರ ದೇವರ ಜಾತ್ರೆಯಲ್ಲಿ, ಏಪ್ರಿಲ್ ತಿಂಗಳಿನಲ್ಲಿ, ದೇವಾಲಯದ ಎದುರಿನ ಗದ್ದೆಯು ಜನರಿಂದ ತುಂಬಿ ತುಳುಕುವುದು. ಪುತ್ತೂರಿನ ಬೆಡಿಯನ್ನು ನೋಡಲು ದೂರದಿಂದಲೂ ಜನರು ಬರುವರು. ಆ ಸಂಭ್ರಮಕ್ಕೆ ಬರಲೊಲ್ಲದೆ ಮನೆಯಲ್ಲಿಯೇ ಉಳಿಯುವ ಒಬ್ಬ ಸೊಸೆಯನ್ನು ಊಹಿಸಿಕೊಳ್ಳಿರಿ. ಮನೆಯವರು ಆಕೆಯನ್ನು ಜನರ ಮೇಲೆ ಪ್ರೀತಿಯಿಲ್ಲದವಳು, ದೇವರಲ್ಲಿ ಭಕ್ತಿಯಿಲ್ಲದವಳು ಎಂದುಕೊಳ್ಳಬಹುದು. ಆದರೆ ಆಕೆಗೆ ಹಿಂದೆ ಒಮ್ಮೆ ಗುಂಪಿನ ನಡುವೆ ಎದೆಬಡಿತ ಹೆಚ್ಚಿ, ಉಸಿರು ಸಿಕ್ಕಿದಂತಾಗಿ, ಸತ್ತೇಹೋದೆನೆಂಬ ಅನುಭವವಾಗಿದ್ದರೆ, ಆಕೆ ಅಂಜುವುದು ಜಾತ್ರೆಗಲ್ಲ. ಅದೇ ಅನುಭವವು ನೂರಾರು ಜನರ ಎದುರಿನಲ್ಲಿ ಮರುಕಳಿಸೀತೆಂಬುದಕ್ಕೆ. ವೆಸ್ಟ್‌ಫಾಲನು ಹೆಸರಿಟ್ಟ ರೋಗದ ತಿರುಳೂ ಇದೇ: ಭಯಕ್ಕೆ ಭಯಪಡುವುದು.

ಇಲ್ಲಿ ಒಂದು ವಿವೇಚನೆಯು ಅಗತ್ಯವಾಗಿದೆ. ವರ್ಷಕ್ಕೆ ಸುಮಾರು ೪,೦೦೦ ಮಿಲ್ಲಿಮೀಟರು ಮಳೆ ಬೀಳುವ ಜಿಲ್ಲೆಯಲ್ಲಿ ಮಳೆಗೆ ಹೆದರುವವರೆಂದರೆ ನಗೆಪಾಟಲಾಗಬಹುದು. ಆದರೆ ೨೦೧೮ರ ಆಗಸ್ಟಿನಲ್ಲಿ ಸಂಪಾಜೆಯ ಮೇಲಣ ಜೋಡುಪಾಲದ ಕಡೆಯಲ್ಲಿ ಗುಡ್ಡಗಳು ಜರಿದು ಮನೆಗಳು ಮಣ್ಣುಪಾಲಾದುವು. ಮನೆಮಾರು ಬಿಟ್ಟು ಬಂದವರು ಸುಳ್ಯ ತಾಲೂಕಿನ ಪರಿಹಾರ ಕೇಂದ್ರಗಳಲ್ಲಿ ದಿನಗಳೆಯಬೇಕಾಯಿತು. ೨೦೨೨ರ ಜೂನ್ ತಿಂಗಳ ಕೊನೆಯಲ್ಲಿ ಸುಳ್ಯ ಮತ್ತು ಕೊಡಗಿನ ಗಡಿಯಲ್ಲಿ ಭೂಮಿಯು ಮತ್ತೆಮತ್ತೆ ನಡುಗಿತು. ಅದೇ ವರ್ಷದ ಆಗಸ್ಟ್ ೧ರಂದು ಸುಬ್ರಹ್ಮಣ್ಯದಲ್ಲಿ ಗುಡ್ಡ ಕುಸಿದು ಇಬ್ಬರು ಎಳೆಯ ಸೋದರಿಯರು ಮಡಿದರು. ಇವನ್ನು ಕಂಡವರು ಹಂಚಿನ ಮೇಲೆ ಜಡಿಮಳೆಯ ಸದ್ದು ಕೇಳಿಸಿದಾಗ ಎದ್ದು ಕುಳಿತರೆ, ಅದನ್ನು ರೋಗವೆಂದು ಹಳಿಯಲಾಗದು. ಗುಡ್ಡದ ಬುಡದಲ್ಲಿ ಮನೆಯಿದ್ದವನಿಗೆ ಆ ಭಯವು ಬುದ್ಧಿಯೇ ಸರಿ. ಆದರೆ ಅಪಾಯವಿಲ್ಲದ ಜಾಗಕ್ಕೆ ಮನೆಯನ್ನು ಬದಲಾಯಿಸಿದ ಮೇಲೆಯೂ, ಬಿಸಿಲಿನ ದಿನಗಳಲ್ಲಿಯೂ, ಮೋಡ ಕವಿದೊಡನೆ ಕೈಕಾಲು ನಡುಗಿ, ನಿದ್ರೆ ಕೆಟ್ಟು, ಹಳೆಯ ದೃಶ್ಯವೇ ಕಣ್ಣೆದುರು ಕಟ್ಟುತ್ತಿದ್ದರೆ ಅದು ಚಿಕಿತ್ಸೆಯನ್ನು ಬೇಡುವ ಗಾಯ. ಇಂತಹವರಿಗೆ “ಮರೆತುಬಿಡು” ಎಂದು ಹೇಳುವುದಕ್ಕಿಂತ ಬಲ್ಲ ವೈದ್ಯರಲ್ಲಿಗೆ ಕರೆದೊಯ್ಯುವುದು ಮೇಲು.

ನಮ್ಮ ವೇದಾಂತಿಗಳ ಹಗ್ಗ-ಹಾವಿನ ದೃಷ್ಟಾಂತವನ್ನು ಎಲ್ಲರೂ ಬಲ್ಲರು. ಮಬ್ಬಿನಲ್ಲಿ ಹಗ್ಗವನ್ನು ಹಾವೆಂದು ತಿಳಿದು ಬೆದರಿದವನು, ದೀಪವನ್ನು ತಂದು ನೋಡಿದೊಡನೆ ನಿರ್ಭಯನಾಗುವನು. ಭೀತಿರೋಗಿಯ ದುಃಖವು ಇದಕ್ಕಿಂತ ವಿಚಿತ್ರವಾದುದು. ಆತನ ಕೈಯಲ್ಲಿ ದೀಪವಿದೆ. ಎದುರಿಗಿರುವುದು ಹಗ್ಗವೆಂದು ಆತನೇ ಮೊದಲು ಹೇಳುವನು. ಆದರೂ ಮೈ ನಡುಗುವುದು ನಿಲ್ಲದು. ಬುದ್ಧಿಗೆ ತಿಳಿದುದು ಮೈಗೆ ತಿಳಿದಿಲ್ಲ. ಆದಕಾರಣ ವಾದದಿಂದ ಈ ರೋಗವು ಗುಣವಾಗದು, ಗದರಿಕೆಯಿಂದಂತೂ ಆಗದು. ಮೈಗೆ ಪಾಠವನ್ನು ಅಭ್ಯಾಸದಿಂದಲೇ ಕಲಿಸಬೇಕು.

ಮೈಯು ಭಯವನ್ನು ಕಲಿಯುವ ಬಗೆಯನ್ನು ೧೯೨೦ರಲ್ಲಿ ಅಮೆರಿಕದ ವಾಟ್ಸನ್ ಮತ್ತು ರೇನರ್ ಎಂಬವರು ಎಳೆಯ ಶಿಶುವೊಂದರ ಮೇಲೆ ಪರೀಕ್ಷಿಸಿದರು. ಮಗುವು ಬಿಳಿ ಇಲಿಯನ್ನು ಮುಟ್ಟಿದಾಗಲೆಲ್ಲ ಹಿಂದಿನಿಂದ ಕಬ್ಬಿಣದ ಸರಳನ್ನು ಬಡಿಯುತ್ತ ಬರಲು, ಕೊನೆಗೆ ಅದು ಇಲಿಗೆ ಮಾತ್ರವಲ್ಲ, ಮೊಲಕ್ಕೂ ತುಪ್ಪುಳಿನ ಬಟ್ಟೆಗೂ ಅಳತೊಡಗಿತು. ಇಂತಹ ಕ್ರೌರ್ಯವನ್ನು ಇಂದು ಯಾರೂ ಒಪ್ಪರು. ಆದರೆ ನಾವು ಮನೆಗಳಲ್ಲಿ ಮಾಡುವುದೇನು? ಮಗು ಊಟ ಮಾಡದಿದ್ದರೆ “ಗುಮ್ಮ ಬರುವನು”, ಹಟ ಹಿಡಿದರೆ “ಡಾಕ್ಟರರಿಂದ ಸೂಜಿ ಚುಚ್ಚಿಸುವೆನು” ಎನ್ನುವೆವು. ಸರಳನ್ನು ಬಡಿಯುವುದಕ್ಕೂ ಇದಕ್ಕೂ ಭೇದವು ಹೆಚ್ಚಿಲ್ಲ.

ಸೂಜಿಯ ವಿಚಾರದಲ್ಲಿ ಈ ಮಾತು ಪ್ರಾಣಕ್ಕೆ ಸಂಬಂಧಿಸಿದುದು. ಹುಚ್ಚುನಾಯಿಯ ವಿಷವು ತಲೆಗೇರಿ ರೋಗಲಕ್ಷಣಗಳು ಕಾಣಿಸಿಕೊಂಡ ಮೇಲೆ ಬದುಕುವ ಆಸೆ ಬಹುಮಟ್ಟಿಗೆ ಇಲ್ಲ. ಆ ರೋಗಕ್ಕೆ ಸುಶ್ರುತನು ಜಲತ್ರಾಸವೆಂದನು, ಪಾಶ್ಚಾತ್ಯರು ಜಲಭೀತಿಯೆಂಬರ್ಥದ ಹೆಸರನ್ನೇ ಕೊಟ್ಟರು. ಆದರೆ ಅದು ಮನಸ್ಸಿನ ಭೀತಿಯಲ್ಲ, ಗಂಟಲು ಸೆಳೆದುಕೊಳ್ಳುವ ವ್ಯಾಧಿ. ನಾಯಿ ಕಚ್ಚಿದೊಡನೆ ಗಾಯವನ್ನು ಸಾಬೂನು ಹಾಕಿ ಹರಿವ ನೀರಿನಲ್ಲಿ ಹದಿನೈದು ನಿಮಿಷ ತೊಳೆದು, ತಡಮಾಡದೆ ಲಸಿಕೆಯನ್ನು ಆರಂಭಿಸಿ, ವೈದ್ಯರು ಹೇಳಿದ ಎಲ್ಲ ದಿನಗಳಲ್ಲಿಯೂ ಹಾಕಿಸಿಕೊಂಡರೆ ಅದನ್ನು ತಡೆಯಬಹುದು. ಕನ್ನಡಿ ಹಾವು, ನಾಗರಹಾವುಗಳ ವಿಷಕ್ಕೂ ಮದ್ದು ರಕ್ತನಾಳದೊಳಕ್ಕೆ ಹೋಗಬೇಕಾದುದೇ. ಇಂತಹ ಹೊತ್ತಿನಲ್ಲಿ ಸೂಜಿಗೆ ಹೆದರಿ ಆಸ್ಪತ್ರೆಯಿಂದ ತಪ್ಪಿಸಿಕೊಂಡವನನ್ನು ಕೊಲ್ಲುವುದು ನಾಯಿಯೂ ಅಲ್ಲ, ಹಾವೂ ಅಲ್ಲ.

ರಕ್ತ ಮತ್ತು ಸೂಜಿಯ ಭೀತಿಯಲ್ಲಿ ಒಂದು ವಿಶೇಷವುಂಟು. ಉಳಿದ ಭೀತಿಗಳಲ್ಲಿ ರಕ್ತದೊತ್ತಡವು ಏರುವುದರಿಂದ “ಮೂರ್ಛೆ ಹೋದೇನು” ಎಂಬ ಅಂಜಿಕೆಯು ಸಾಮಾನ್ಯವಾಗಿ ಹುಸಿಯಾಗುವುದು. ಇದರಲ್ಲಿ ಮಾತ್ರ ಒತ್ತಡವು ಒಮ್ಮೆ ಏರಿ ತಟ್ಟನೆ ಇಳಿಯುವುದರಿಂದ ಮನುಷ್ಯನು ನಿಜವಾಗಿಯೂ ಕುಸಿದು ಬೀಳಬಹುದು. ಸ್ವೀಡನ್ ದೇಶದ ಓಸ್ಟ್ ಎಂಬ ಪಂಡಿತನು ೧೯೮೦ರ ದಶಕದಲ್ಲಿ ಇದಕ್ಕೆ ಸರಳವಾದ ಉಪಾಯವನ್ನು ರೂಢಿಗೆ ತಂದನು: ಕೈ, ಕಾಲು, ಹೊಟ್ಟೆಗಳ ಸ್ನಾಯುಗಳನ್ನು ಹತ್ತು ಹದಿನೈದು ಸೆಕೆಂಡು ಬಿಗಿಹಿಡಿದು, ಬಳಿಕ ಸಡಿಲಿಸಿ, ಮತ್ತೆ ಬಿಗಿಯುವುದು. ಇದರಿಂದ ಒತ್ತಡವು ಇಳಿಯದೆ ನಿಲ್ಲುವುದು. ಹೃದ್ರೋಗಿಗಳೂ ಗರ್ಭಿಣಿಯರೂ ವೈದ್ಯರನ್ನು ಕೇಳಿಯೇ ಇದನ್ನು ಮಾಡಬೇಕು. ಉಳಿದವರು ಕನಿಷ್ಠಪಕ್ಷ “ನನಗೆ ಸೂಜಿಯೆಂದರೆ ತಲೆ ಸುತ್ತುವುದು” ಎಂದು ದಾದಿಗೆ ಮೊದಲೇ ತಿಳಿಸಿ ಮಲಗಿಕೊಂಡು ಹಾಕಿಸಿಕೊಳ್ಳಬಹುದು. ಇದರಲ್ಲಿ ನಾಚಿಕೆಗೆ ಕಾರಣವಿಲ್ಲ.

ಹಾಗಾದರೆ ಈ ರೋಗಕ್ಕೆ ಚಿಕಿತ್ಸೆ ಯಾವುದು? ೧೯೨೪ರಲ್ಲಿ ಮೇರಿ ಜೋನ್ಸ್ ಎಂಬ ವಿದುಷಿಯು ಮೊಲಕ್ಕೆ ಹೆದರುವ ಪೀಟರ್ ಎಂಬ ಮಗುವಿಗೆ ಇಷ್ಟವಾದ ತಿನಿಸನ್ನು ಕೊಡುತ್ತ, ಮೊಲವನ್ನು ದಿನದಿನಕ್ಕೆ ಸ್ವಲ್ಪ ಸ್ವಲ್ಪ ಸಮೀಪಕ್ಕೆ ತಂದಳು. ಕೊನೆಗೆ ಮಗುವು ಅದನ್ನು ಮುಟ್ಟಿ ಆಡಿತು. ಇಂದಿನ ಚಿಕಿತ್ಸೆಯೂ ಈ ತತ್ತ್ವವನ್ನೇ ಹಿಡಿದಿದೆ. ಸಂಕಕ್ಕೆ ಹೆದರುವವನು ಬೇಸಗೆಯಲ್ಲಿ ಆರಂಭಿಸಲಿ. ಮೊದಲು ಸಂಕವು ಕಾಣುವಷ್ಟು ದೂರದಲ್ಲಿ ಕುಳಿತುಕೊಳ್ಳಲಿ. ಎದೆಯ ಬಡಿತವು ತಾನಾಗಿ ತಗ್ಗುವ ತನಕ ಏಳಬಾರದು. ಮುಂದೆ ಅದರ ತುದಿಯನ್ನು ಮುಟ್ಟಿ ನಿಲ್ಲಲಿ, ಬಳಿಕ ಕೈಹಿಡಿಯಿರುವ ಗಟ್ಟಿಯಾದ ಸಂಕದ ಮೇಲೆ ಎರಡು ಹೆಜ್ಜೆ, ಆಮೇಲೆ ಜತೆಯವರೊಡನೆ ಆಚೆಯ ದಡ, ಕೊನೆಗೆ ಒಬ್ಬನೇ. ಪ್ರತಿಯೊಂದು ಮೆಟ್ಟಲಿನಲ್ಲಿಯೂ ಭಯವು ತಗ್ಗಿದ ಮೇಲೆಯೇ ಹಿಂದಿರುಗಬೇಕೆಂಬುದು ಮುಖ್ಯ. ಭಯವು ಉತ್ತುಂಗದಲ್ಲಿರುವಾಗ ಓಡಿಬಂದರೆ, ಓಡಿದುದರಿಂದಲೇ ಬದುಕಿದೆನೆಂದು ಮೈಯು ತಿಳಿದುಕೊಳ್ಳುವುದು. ಮರುದಿನ ಸಂಕವು ಇನ್ನಷ್ಟು ಉದ್ದವಾಗಿ ತೋರುವುದು. ನೆರೆ ಬಂದಾಗ ಮಾತ್ರ ಹಳೆಯ ಭಯವನ್ನೇ ಗೌರವಿಸಿ ಈಚೆಯ ದಡದಲ್ಲಿ ನಿಲ್ಲಬೇಕು.

ಮನೆಯವರು ಎರಡು ತಪ್ಪುಗಳನ್ನು ಮಾಡುವರು. ಬಲವಂತವಾಗಿ ಎಳೆದೊಯ್ಯುವುದು ಒಂದು. ಕರುಣೆಯಿಂದ ಎಲ್ಲವನ್ನೂ ತಪ್ಪಿಸಿಕೊಡುವುದು ಇನ್ನೊಂದು. ಎರಡನೆಯದು ಪ್ರೀತಿಯ ವೇಷದಲ್ಲಿ ಬರುವುದರಿಂದ ಅದರ ಕೇಡು ಬೇಗನೆ ಕಾಣಿಸದು. ಸಂಕಕ್ಕೆ ಹೆದರುವ ಹುಡುಗಿಗೆ ಶಾಲೆಯನ್ನೇ ಬಿಡಿಸಿದರೆ ಆ ದಿನದ ಅಳು ನಿಂತೀತು. ಆಕೆಯ ವಿದ್ಯೆಯೂ ಅಲ್ಲಿಗೇ ನಿಂತೀತು. ಹಾವಿನ ಭೀತಿಯುಳ್ಳವರು ಸುಬ್ರಹ್ಮಣ್ಯಕ್ಕೆ ಹೋಗಿ ಸೇವೆ ಸಲ್ಲಿಸಿ ಬರುವುದರಿಂದ ಮನಸ್ಸಿಗೆ ನೆಮ್ಮದಿ ದೊರೆಯಬಹುದು, ಅದನ್ನು ತಡೆಯಬೇಕಾದುದಿಲ್ಲ. ಆದರೆ ಹರಕೆ ತೀರಿದ ಬಳಿಕವೂ ನಡುಕವು ಉಳಿದಿದ್ದರೆ ಅದನ್ನು ದೋಷವೆಂದೋ ಪಾಪದ ಫಲವೆಂದೋ ಹೇಳಿ ರೋಗಿಯ ಹೊರೆಯನ್ನು ಹೆಚ್ಚಿಸಬಾರದು. ವೈದ್ಯರಲ್ಲಿಗೆ ಹೋಗಲು ದೇವರ ಅಡ್ಡಿಯಿಲ್ಲ.

ರೋಗವು ಬಲವಾಗಿದ್ದರೆ ಮನೋವೈದ್ಯರ ಸಹಾಯವನ್ನು ಪಡೆಯಲೇಬೇಕು. ೨೦೨೨ರಲ್ಲಿ ಭಾರತ ಸರಕಾರವು ಆರಂಭಿಸಿದ ಟೆಲಿ-ಮಾನಸ್ ಎಂಬ ವ್ಯವಸ್ಥೆಯಲ್ಲಿ ೧೪೪೧೬ ಎಂಬ ಸಂಖ್ಯೆಗೆ ದೂರವಾಣಿ ಮಾಡಿ, ಹಗಲಿರುಳೆನ್ನದೆ, ಕನ್ನಡದಲ್ಲಿಯೇ ಸಲಹೆಯನ್ನು ಕೇಳಬಹುದು, ಇದಕ್ಕೆ ಶುಲ್ಕವಿಲ್ಲ.

ಅದಕ್ಕೆ ಮುಂಚೆ ಮನೆಯಲ್ಲಿಯೇ ಆಗಬೇಕಾದ ಕೆಲಸವೊಂದಿದೆ; ಅದಕ್ಕೆ ವಿದ್ಯೆಯೂ ಬೇಡ, ಹಣವೂ ಬೇಡ. ಅಂಜಿ ಕುಳಿತವರ ಪಕ್ಕದಲ್ಲಿ ಕುಳಿತು, “ಅಲ್ಲಿಗೆ ಹೋದರೆ ಏನಾದೀತೆಂದು ನಿನಗೆ ತೋರುವುದು, ಮಗೂ?” ಎಂದು ಮೆಲ್ಲನೆ ಕೇಳಿ, ಉತ್ತರವು ಮುಗಿಯುವ ತನಕ ನಗದೆ ಕೇಳುವುದು. ಆ ಉತ್ತರವು ಎಷ್ಟೇ ವಿಚಿತ್ರವಾಗಿರಲಿ, ಚಿಕಿತ್ಸೆಯ ಮೊದಲನೆಯ ಮೆಟ್ಟಲು ಅದೇ.