ಕಾಡಿನ ಋಣವೂ ರಾತ್ರಿಯ ಗೇಟೂ

ಚಳಿಗಾಲದ ರಜೆ ಬಂದೊಡನೆ ನಮ್ಮ ಸಮಾಜದ ಕುಟುಂಬಗಳು ಕಾರು ಹತ್ತಿ ಬಂಡೀಪುರದ ಕಡೆಗೆ ಹೊರಡುವುದು ರೂಢಿಯಾಗಿದೆ. ಬಸದಿಗಳ ಆಡಳಿತ ಮಂಡಳಿಗಳೂ ಇದರಲ್ಲಿ ಹಿಂದೆ ಬಿದ್ದಿಲ್ಲ. ಸುಲ್ತಾನ್ ಬತ್ತೇರಿಯ ಪ್ರಾಚೀನ ಬಸದಿ, ಕಲ್ಪೆಟ್ಟದ ಬಳಿ ಪುಳಿಯಾರ್‌ಮಲೆಯ ಅನಂತನಾಥ ಸ್ವಾಮಿಯ ದರ್ಶನ, ನಡುವೆ ಕಾಡು. ಹೀಗೆ ಯಾತ್ರೆಯೂ ವಿಹಾರವೂ ಒಂದೇ ಬಸ್ಸಿನಲ್ಲಿ ನೆರವೇರುತ್ತವೆ. ವಯನಾಡಿನಲ್ಲಿ ಇಂದಿಗೂ ಕನ್ನಡವಾಡುವ ನಮ್ಮ ಬಾಂಧವರಿದ್ದಾರೆ. ಅವರನ್ನು ಕಂಡು ಬರುವುದು ಒಳ್ಳೆಯದೇ. ನನ್ನ ಆಕ್ಷೇಪವಿರುವುದು ಪ್ರಯಾಣದ ಬಗ್ಗೆಯಲ್ಲ, ಹಿಂದಿರುಗಿದ ಮೇಲೆ ನಾವು ಮಾಡುವ ಭಾಷಣಗಳ ಬಗ್ಗೆ. ಪ್ರಕೃತಿಮಾತೆಗೆ ನಾವು ಎಷ್ಟು ಕೃತಜ್ಞರು ಎಂಬುದನ್ನು ಕೇಳಿ ಕೇಳಿ ನನಗೆ ಸಾಕಾಗಿದೆ.

ನಾನು ವ್ಯಾಪಾರಿ, ಮೈಸೂರಿನಲ್ಲಿ ಬೇಳೆಕಾಳುಗಳ ಸಗಟು ಅಂಗಡಿ ನಡೆಸುವವನು. ಜಮಾಖರ್ಚಿನ ಭಾಷೆ ಬಿಟ್ಟರೆ ಬೇರೆ ಭಾಷೆಯಲ್ಲಿ ಯೋಚಿಸುವುದು ನನಗೆ ಕಷ್ಟ. ಸಾಲ ಕೊಟ್ಟವನ ಗುಣಗಾನ ಮಾಡಿದ ಮಾತ್ರಕ್ಕೆ ಸಾಲ ತೀರಿತೆಂದು ಯಾವ ಖಾತೆಯಲ್ಲಿಯೂ ಬರೆಯುವಂತಿಲ್ಲ. ಕಾಡಿನ ಖಾತೆಯನ್ನೊಮ್ಮೆ ತೆರೆದು ನೋಡೋಣ. ವಯನಾಡಿನಲ್ಲಿ ಹುಟ್ಟುವ ಕಬಿನಿಯು ನಾಗರಹೊಳೆ ಮತ್ತು ಬಂಡೀಪುರಗಳ ನಡುವೆ ಹರಿದು ತಿರುಮಕೂಡಲು ನರಸೀಪುರದಲ್ಲಿ ಕಾವೇರಿಯನ್ನು ಕೂಡುತ್ತದೆ. ಅಲ್ಲಿಂದ ಕೆಳಗೆ, ಶಿವನಸಮುದ್ರದ ಸಮೀಪದಿಂದ ಎತ್ತಿದ ನೀರೇ ಬೆಂಗಳೂರಿನ ನಲ್ಲಿಗಳಿಗೆ ಬರುವುದು. ಬೆಂಗಳೂರಿನ ಶ್ರಾವಕರು ಬಟ್ಟೆಯಲ್ಲಿ ಸೋಸಿ ಕುಡಿಯುವ ನೀರಿನಲ್ಲಿ ಈ ಕಾಡಿನ ಪಾಲಿದೆ ಎಂದಾಯಿತು. ಇದು ಒಂದು ಬಾಬತ್ತು ಮಾತ್ರ. ಮಳೆ, ನೆರಳು, ಮಣ್ಣು ಇವಕ್ಕೆ ದರ ಕಟ್ಟುವ ವಿದ್ಯೆ ನಾನು ಓದಿದ ಬಿ.ಕಾಂ.ನಲ್ಲಿರಲಿಲ್ಲ.

ಈ ಋಣಕ್ಕೆ ನಾವು ತೆರುವುದೇನು? ಬಾಳೆಹಣ್ಣು.

ಕಳೆದ ಡಿಸೆಂಬರಿನಲ್ಲಿ ಮಗ, ಸೊಸೆ, ಇಬ್ಬರು ಮೊಮ್ಮಕ್ಕಳೊಡನೆ ನಾನೂ ಅದೇ ದಾರಿಯಲ್ಲಿ ಹೋದೆ. ಗುಂಡ್ಲುಪೇಟೆ ದಾಟಿ ಕಾಡು ಹೊಕ್ಕ ಮೇಲೆ ರಸ್ತೆಯಂಚಿನಲ್ಲಿ ಕೋತಿಗಳ ಹಿಂಡು ಕುಳಿತಿತ್ತು. ಕಾರು ನಿಂತಿತು. ಜೀವದಯೆಯ ಪಾಠವನ್ನು ಮೊಮ್ಮಗನಿಗೆ ಕಲಿಸಿದವನು ನಾನೇ, ನಂಜನಗೂಡಿನಲ್ಲಿ ಒಂದು ಚಿಪ್ಪು ಹಣ್ಣು ಕೊಂಡವನೂ ನಾನೇ. ಹುಡುಗ ಕಿಟಕಿಯಿಂದ ಎರಡು ಹಣ್ಣು ನೀಡುವಷ್ಟರಲ್ಲಿ ಅರಣ್ಯ ಇಲಾಖೆಯ ಕಾವಲುಗಾರನೊಬ್ಬ ಬೈಕಿನಲ್ಲಿ ಬಂದು ನಿಂತ. ದಂಡ ಹಾಕುವನೆಂದು ಮಗ ಹೆದರಿದ. ಆತ ನನ್ನ ಕಡೆಗೆ ತಿರುಗಿ, “ಯಜಮಾನ್ರೇ, ಪುಣ್ಯ ಅಂತ ಕೊಡ್ತೀರಿ. ನಾಳೆ ಇದು ಇನ್ನೊಂದು ಕಾರಿನ ಸದ್ದಿಗೇ ರಸ್ತೆಗೆ ಇಳೀತದೆ. ಚಕ್ರಕ್ಕೆ ಸಿಕ್ಕಿದ್ದನ್ನ ಎತ್ತಿ ಹಾಕೋರು ನಾವು” ಎಂದ. ದಂಡ ಹಾಕಿದ್ದರೆ ಚೆನ್ನಾಗಿತ್ತು. ಕೊಟ್ಟದ್ದು ದಾನವೇ ಅಲ್ಲವೇ ಎಂದು ಮೊಮ್ಮಗ ಕೇಳಿದಾಗ ನನ್ನಲ್ಲಿ ಉತ್ತರವಿರಲಿಲ್ಲ. ಉಣ್ಣುವ ಜೀವಿಯ ಹಿತವನ್ನು ನೋಡದೆ ಉಣಿಸುವವನ ಸಂತೋಷವನ್ನಷ್ಟೇ ನೋಡುವುದಕ್ಕೆ ದಯೆಯೆಂಬ ಹೆಸರು ಸಲ್ಲದು. ಕಾಡುಪ್ರಾಣಿಗೆ ತಿನಿಸು ಕೊಡುವುದನ್ನು ನಿಷೇಧಿಸಿದವರು ದಯೆಯಿಲ್ಲದವರೆಂದು ನಮ್ಮಲ್ಲಿ ಕೆಲವರು ಆಡುವುದುಂಟು. ಆ ನಿಷೇಧದಲ್ಲಿ ನಮ್ಮ ಹಣ್ಣಿನ ಬುಟ್ಟಿಯಲ್ಲಿರುವುದಕ್ಕಿಂತ ಹೆಚ್ಚಿನ ದಯೆಯಿದೆ.

ಹಗಲಿನ ತಪ್ಪು ಇಷ್ಟಾದರೆ ರಾತ್ರಿಯದು ಇದಕ್ಕಿಂತ ದೊಡ್ಡದು. ಪುಳಿಯಾರ್‌ಮಲೆಯ ದರ್ಶನ ಮುಗಿಸಿ, ಸೂರ್ಯಾಸ್ತಕ್ಕೆ ಮುನ್ನವೇ ಊಟ ತೀರಿಸಿದೆವು. ರಾತ್ರಿಭೋಜನ ತ್ಯಾಗವನ್ನು ನಮ್ಮ ಮನೆಯಲ್ಲಿ ಮಕ್ಕಳೂ ಪಾಲಿಸುತ್ತಾರೆ. ದೀಪಕ್ಕೆ ಎರಗುವ ಸೂಕ್ಷ್ಮ ಜೀವಿಗಳು ಅನ್ನದಲ್ಲಿ ಬಿದ್ದು ಸಾಯಬಾರದೆಂಬ ಎಚ್ಚರಿಕೆ ಅದರಲ್ಲಿದೆ. ಊಟವಾದ ಮೇಲೆ ಹರಟೆಯಲ್ಲಿ ಹೊತ್ತು ಕಳೆಯಿತು. ಗೇಟು ಒಂಬತ್ತಕ್ಕೆ ಮುಚ್ಚುತ್ತದೆಂಬುದು ನೆನಪಾದೊಡನೆ ಮಗ ಕಾರನ್ನು ಓಡಿಸಿದ ವೇಗವನ್ನು ಇಲ್ಲಿ ಬರೆಯಲಾರೆ. ಒಂಬತ್ತಕ್ಕೆ ಹತ್ತು ನಿಮಿಷವಿರುವಾಗ ಮೂಲೆಹೊಳೆಯ ತಪಾಸಣಾ ಠಾಣೆಯನ್ನು ದಾಟಿದೆವು. ಮುಂದೆ ಕಾಡಿನ ನಡುವೆ, ದೀಪದ ಬೆಳಕಿಗೆ ಕಣ್ಣು ಕಟ್ಟಿದ ಜಿಂಕೆಯೊಂದು ರಸ್ತೆಯ ಮಧ್ಯದಲ್ಲಿ ಕಲ್ಲಿನಂತೆ ನಿಂತಿತ್ತು. ಮಗ ಬ್ರೇಕು ಒತ್ತಿದ. ಅದು ಉಳಿಯಿತು, ನಾವೂ ಉಳಿದೆವು. ಆದರೆ ಮರುದಿನ ಬೆಳಿಗ್ಗೆ ಕಾರಿನ ಮುಂಗಾಜಿಗೆ ಅಂಟಿ ಒಣಗಿದ್ದ ಕೀಟಗಳನ್ನು ಒದ್ದೆ ಬಟ್ಟೆಯಿಂದ ಒರೆಸುತ್ತ ನಿಂತಾಗ, ಹಿಂದಿನ ಸಂಜೆ ಅಷ್ಟು ಶ್ರದ್ಧೆಯಿಂದ ಬೇಗ ಉಂಡದ್ದು ಯಾರಿಗಾಗಿ ಎಂಬ ಪ್ರಶ್ನೆ ನನ್ನನ್ನು ಬಿಡಲಿಲ್ಲ.

ಆ ಗೇಟಿನ ಕಥೆಯನ್ನು ಹೇಳಲೇಬೇಕು. ಬಂಡೀಪುರದ ಮೂಲಕ ಕೇರಳಕ್ಕೂ ತಮಿಳುನಾಡಿಗೂ ಹೋಗುವ ಹೆದ್ದಾರಿಗಳಲ್ಲಿ ರಾತ್ರಿ ಒಂಬತ್ತರಿಂದ ಬೆಳಿಗ್ಗೆ ಆರರವರೆಗೆ ಸಂಚಾರವನ್ನು 2009ರಲ್ಲಿ ನಿಷೇಧಿಸಲಾಯಿತು. 2010ರ ಮಾರ್ಚ್ ತಿಂಗಳಲ್ಲಿ ಕರ್ನಾಟಕದ ಉಚ್ಚ ನ್ಯಾಯಾಲಯವು ಅದನ್ನು ಎತ್ತಿಹಿಡಿಯಿತು. ವನ್ಯಜೀವಿಗಳು ಇರುಳಿನಲ್ಲಿ ವಾಹನಗಳಿಗೆ ಸಿಕ್ಕಿ ಸಾಯುತ್ತಿದ್ದುದೇ ಕಾರಣ. ರೋಗಿಗಳನ್ನು ಒಯ್ಯುವ ವಾಹನಗಳಿಗೆ ತಡೆಯಿಲ್ಲ. ಗೊತ್ತುಪಡಿಸಿದ ಕೆಲವು ಸಾರಿಗೆ ಬಸ್ಸುಗಳಿಗೂ ಅನುಮತಿಯುಂಟು. ತುರ್ತಿದ್ದವರಿಗೆ ಹುಣಸೂರು, ಗೋಣಿಕೊಪ್ಪ, ಕುಟ್ಟದ ಮೇಲಿನ ಸುತ್ತು ದಾರಿಯೂ ಇದೆ. ಹೀಗಿದ್ದರೂ ಗೇಟು ತೆರೆಯಿರೆಂಬ ಕೂಗು ಇಷ್ಟು ವರ್ಷಗಳಲ್ಲಿ ನಿಂತೇ ಇಲ್ಲ. ಆ ಕೂಗಿನಲ್ಲಿ ಮೊದಲಿಗೆ ನನ್ನ ಧ್ವನಿಯೂ ಇತ್ತೆಂಬುದನ್ನು ಮರೆಮಾಚಲಾರೆ. 2009ರಲ್ಲಿ ನಮ್ಮ ವರ್ತಕರ ಸಂಘವು ಸಿದ್ಧಪಡಿಸಿದ ಮನವಿಗೆ ನಾನೂ ಸಹಿ ಹಾಕಿದವನು. ಬತ್ತೇರಿಗೆ ಹೋಗುವ ಲಾರಿಗಳು ರಾತ್ರಿ ನಿಂತರೆ ವ್ಯಾಪಾರ ಮುಳುಗುವುದೆಂದು ನಂಬಿದ್ದೆ. ಮುಳುಗಲಿಲ್ಲ. ಬೆಳಗಿನಲ್ಲಿಯೇ ಮೂಟೆ ತುಂಬಿಸುವ ಏರ್ಪಾಡು ಮಾಡಿಕೊಂಡೆವು. ಸಾಗಣೆಯ ವೆಚ್ಚ ಕೊಂಚ ಏರಿತು, ನಷ್ಟವೆಂದು ಬರೆಯುವಷ್ಟಲ್ಲ. ತರಕಾರಿ ಸಾಗಿಸುವವರ ಕಷ್ಟ ನನ್ನದಕ್ಕಿಂತ ಹೆಚ್ಚೆಂದು ಒಪ್ಪುತ್ತೇನೆ. ಆದರೂ ದಿನಕ್ಕೆ ಹದಿನೈದು ಗಂಟೆ ದಾರಿ ತೆರೆದಿರುತ್ತದೆ. ಉಳಿದ ಒಂಬತ್ತು ಗಂಟೆಗಳನ್ನು ಆನೆಗೂ ಜಿಂಕೆಗೂ ಬಿಟ್ಟುಕೊಡಲಾರೆನೆನ್ನುವವನು ಕೃತಜ್ಞತೆಯೆಂಬ ಪದವನ್ನು ಬಾಯಿಗೆ ತರಬಾರದು. ಕಾಡಿನ ಮೇಲೆ ಸೇತುವೆ ಕಟ್ಟಿದರಾಯಿತು ಎನ್ನುವವರು, ಅದನ್ನು ಕಟ್ಟಿ ಮುಗಿಸುವವರೆಗಿನ ವರ್ಷಗಳ ಯಂತ್ರಗಳ ಸದ್ದನ್ನು ಯಾವ ಖಾತೆಗೆ ಬರೆಯುತ್ತಾರೋ ತಿಳಿಯದು.

ಈ ಕಾಡುಗಳನ್ನು ಸಂರಕ್ಷಿಸುವ ಹೆಸರಿನಲ್ಲಿ ಜೇನುಕುರುಬರಂಥ ಜನರು ತಲೆಮಾರುಗಳಿಂದ ಬಾಳಿದ ಹಾಡಿಗಳನ್ನೇ ಬಿಡಬೇಕಾಯಿತು. ಅದು ನ್ಯಾಯವೇ ಎಂಬುದು ಬೇರೆಯೇ ಲೇಖನಕ್ಕೆ ವಿಷಯ. ನ್ಯಾಯವಲ್ಲವೆಂದೇ ನನ್ನ ಅಭಿಪ್ರಾಯ. ಅವರು ಮನೆಯನ್ನು ತೆತ್ತ ಕಾಡಿಗೆ ನಾವು ನಿದ್ರೆಯ ಹೊತ್ತನ್ನು ತೆರಲು ಚೌಕಾಸಿ ಮಾಡುತ್ತಿದ್ದೇವೆ.

ಆಡಳಿತ ಮಂಡಳಿಗಳ ಹಿರಿಯರಲ್ಲಿ ನನ್ನದೊಂದು ನೇರ ಮಾತು. ಜೀವಿಗಳು ಒಂದಕ್ಕೊಂದು ಉಪಕಾರಿಗಳೆಂಬ ಉಮಾಸ್ವಾಮಿಗಳ ಸೂತ್ರವನ್ನು ನಿಮ್ಮ ಆಮಂತ್ರಣ ಪತ್ರಿಕೆಗಳಲ್ಲಿ ಜೈನ ಲಾಂಛನದ ಕೆಳಗೆ ಅಚ್ಚು ಹಾಕಿಸುತ್ತೀರಿ. ಅದೇ ಪತ್ರಿಕೆಯ ಮುಂದಿನ ಪುಟದಲ್ಲಿ “ರಾತ್ರಿ ಎಂಟಕ್ಕೆ ಕಲ್ಪೆಟ್ಟದಿಂದ ಹಿಂಪ್ರಯಾಣ” ಎಂದಿರುತ್ತದೆ. ಎಂಟಕ್ಕೆ ಹೊರಟ ಬಸ್ಸು ಒಂಬತ್ತರೊಳಗೆ ಮೂಲೆಹೊಳೆ ಮುಟ್ಟಬೇಕಾದರೆ ಹೇಗೆ ಓಡಬೇಕೆಂದು ಯಾರಾದರೂ ಲೆಕ್ಕ ಹಾಕಿದ್ದೀರಾ? ಬತ್ತೇರಿಯಲ್ಲೋ ಕಲ್ಪೆಟ್ಟದಲ್ಲೋ ಒಂದು ರಾತ್ರಿ ತಂಗಿ, ಬೆಳಗಾದ ಮೇಲೆ ನಿಧಾನವಾಗಿ ಹೊರಟರೆ ತಲೆಗೆ ಕೆಲವು ನೂರು ರೂಪಾಯಿ ಹೆಚ್ಚಾದೀತು. ಅದನ್ನು ಜೀವದಯಾ ನಿಧಿಯಿಂದ ಭರಿಸಿದರೆ ಆ ನಿಧಿಯ ಹೆಸರಿಗೂ ಅರ್ಥ ಬರುತ್ತದೆ. ದಾರಿಯಲ್ಲಿ ಹಂಚುವ ಪೊಟ್ಟಣಗಳ ಕಾಗದ, ಪ್ಲಾಸ್ಟಿಕ್ಕು ಬಸ್ಸಿನಲ್ಲಿಯೇ ಮೈಸೂರಿಗೆ ಮರಳಲಿ. ಗೇಟು ತೆರೆಸುವ ಮನವಿಗೆ ಬಸದಿಯ ಮೊಹರು ಎಂದಿಗೂ ಬೀಳದಿರಲಿ.

ನನ್ನ ಪಾಲಿನ ಬಾಕಿಯೊಂದಿತ್ತು. 2009ರ ಮನವಿಗೆ ಹಾಕಿದ ಸಹಿಯನ್ನು ಹಿಂದಕ್ಕೆ ಪಡೆಯುತ್ತಿದ್ದೇನೆಂದು ಕಳೆದ ಜನವರಿಯಲ್ಲಿ ಸಂಘಕ್ಕೆ ಪತ್ರ ಬರೆದೆ. ಇಷ್ಟು ವರ್ಷಗಳಾದ ಮೇಲೆ ಇದರ ಅಗತ್ಯವೇನೆಂದು ಕಾರ್ಯದರ್ಶಿಗಳು ದೂರವಾಣಿಯಲ್ಲಿ ನಕ್ಕರು. ಪತ್ರವನ್ನು ಕಡತದಲ್ಲಿ ಸೇರಿಸಿರೆಂದು ಕೇಳಿದ್ದೇನೆ. ಸೇರಿಸಿದ್ದಾರೋ ಇಲ್ಲವೋ ಮುಂದಿನ ಸಭೆಯಲ್ಲಿ ವಿಚಾರಿಸುವವನಿದ್ದೇನೆ.