ಹೆಸರೊಂದೇ, ಹದ ಬೇರೆ ಬೇರೆ

ಭತ್ತವನ್ನು ಬಿಸಿಲಿಗೆ ಹರವಿದರೆ ಒಣಗುತ್ತದೆ, ಕಾದ ಮರಳಿಗೆ ಸುರಿದರೆ ಅರಳಾಗುತ್ತದೆ. ಎರಡೂ ಕಡೆ ಕಾಳಿನ ನೀರೇ ಹೊರಬಿದ್ದದ್ದು. ಬಿದ್ದ ವೇಗ ಮಾತ್ರ ಬೇರೆ. ಗ್ರ್ಯಾಫೀನ್ ಆಕ್ಸೈಡನ್ನು ಕುಲುಮೆಗಿಟ್ಟಾಗ ಆಗುವುದೂ ಹೆಚ್ಚುಕಡಿಮೆ ಇದೇ. ಆದರೆ ಹೊರಬರುವ ಕಪ್ಪು ಪುಡಿಗಳಿಗೆಲ್ಲ ಇಟ್ಟಿರುವುದು ಒಂದೇ ಹೆಸರು: ಅಪಕರ್ಷಿತ (ಅಂದರೆ ಆಮ್ಲಜನಕ ಕಳೆದ) ಗ್ರ್ಯಾಫೀನ್ ಆಕ್ಸೈಡ್. ನನ್ನ ತಕರಾರು ಈ ಹೆಸರಿನ ಬಗ್ಗೆಯೇ.

2004ರಲ್ಲಿ ಮ್ಯಾಂಚೆಸ್ಟರ್‌ನ ಆಂದ್ರೆ ಗೈಮ್ ಮತ್ತು ಕಾನ್‌ಸ್ಟಾಂಟಿನ್ ನೊವೊಸೆಲೊವ್ ಅಂಟುಪಟ್ಟಿಯಿಂದ ಗ್ರ್ಯಾಫೈಟ್‌ನ ಪದರ ಎಬ್ಬಿಸಿ, ಒಂದೇ ಪರಮಾಣುವಿನಷ್ಟು ದಪ್ಪದ ಇಂಗಾಲದ ಹಾಳೆಯಾದ ಗ್ರ್ಯಾಫೀನ್ ತೋರಿಸಿದರು. ಕಿಲೋಗಟ್ಟಲೆ ಬೇಕೆಂದರೆ ಆ ದಾರಿ ಸಾಲದು. ಆಗ ಕೈಗೆ ಬಂದದ್ದು ರಸಾಯನಶಾಸ್ತ್ರಜ್ಞರಾದ ಹಮ್ಮರ್ಸ್ ಮತ್ತು ಆಫ್‌ಮನ್ 1958ರಲ್ಲಿ ಪ್ರಕಟಿಸಿದ್ದ ಹಳೆಯ ಪಾಕ. ಗಂಧಕಾಮ್ಲ, ಪೊಟ್ಯಾಸಿಯಂ ಪರ್ಮ್ಯಾಂಗನೇಟ್‌ ಬಳಸಿ ಗ್ರ್ಯಾಫೈಟ್‌ಗೆ ಆಮ್ಲಜನಕ ತುಂಬಿದರೆ, 0.335 ನ್ಯಾನೊಮೀಟರ್ ಇದ್ದ ಪದರಗಳ ಅಂತರ ಸುಮಾರು 0.8ಕ್ಕೆ ಹಿಗ್ಗುತ್ತದೆ. ಕಂದು ಬಣ್ಣದ ಈ ವಸ್ತು ನೀರಿನಲ್ಲಿ ಸಲೀಸಾಗಿ ಹರಡಿಕೊಂಡು ಗ್ರ್ಯಾಫೀನ್ ಆಕ್ಸೈಡ್ ಹಾಳೆಗಳಾಗುತ್ತದೆ, ವಿದ್ಯುತ್ತನ್ನು ಮಾತ್ರ ಹರಿಯಗೊಡದು. ಅದನ್ನು ಮರಳಿ ವಾಹಕವಾಗಿಸಲೆಂದೇ ಶಾಖ ಕೊಡುವುದು.

ಶಾಖ ಆಮ್ಲಜನಕವನ್ನು ಓಡಿಸುತ್ತದೆ ಎನ್ನುವುದು ಅರ್ಧ ಮಾತು. 200 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲೇ ಆಮ್ಲಜನಕದ ಗುಂಪುಗಳು ದೊಡ್ಡ ಪ್ರಮಾಣದಲ್ಲಿ ಕಳಚುತ್ತವೆ, ನಿಜ. ಆದರೆ ಬರಿಗೈಯಲ್ಲಿ ಹೋಗುವುದಿಲ್ಲ. ಇಂಗಾಲದ ಡೈಆಕ್ಸೈಡ್, ಮಾನಾಕ್ಸೈಡ್ ಆಗಿ ಹೋಗುವಾಗ ಹಾಳೆಯ ಇಂಗಾಲವನ್ನೇ ಕಿತ್ತೊಯ್ಯುತ್ತವೆ. ಷಡ್ಭುಜಗಳ ಜಾಲದಲ್ಲಿ ತೂತು ಬೀಳುತ್ತದೆ. ಸುಮಾರು 1,000 ಡಿಗ್ರಿಯ ಕುಲುಮೆಗೆ ಒಮ್ಮೆಲೇ ತಳ್ಳಿದರಂತೂ ಅನಿಲದ ಒತ್ತಡಕ್ಕೆ ಪದರಗಳು ಸಿಡಿದು ಬಿಡಿಬಿಡಿಯಾಗುತ್ತವೆ, ಹಾಳೆ ಸುಕ್ಕುಗಟ್ಟುತ್ತದೆ, ತೂಕದಲ್ಲಿ ಶೇ 30ರಷ್ಟು ಹೋಗಿಬಿಡುತ್ತದೆ. ನಿಧಾನವಾಗಿ ಕಾಯಿಸಿದರೆ ಅದೇ ಪದರಗಳು ಮತ್ತೆ ಒತ್ತೊತ್ತಾಗಿ ಕೂರುತ್ತವೆ. ವಿದ್ಯುತ್ ಕೂಡಿಡುವ ಸೂಪರ್‌ಕೆಪಾಸಿಟರ್‌ಗೆ ಬೇಕಾದ್ದು ಅರಳಿದ ಪುಡಿ. ಶಾಖ ಸಾಗಿಸುವ ತೆಳುಪರದೆಗೆ ಬೇಕಾದ್ದು ಒತ್ತಾಗಿ ಕೂತದ್ದು.

ಇಷ್ಟಾದರೂ ಆಮ್ಲಜನಕ ಪೂರ್ತಿ ತೊಲಗುವುದಿಲ್ಲ. ಅಕ್ಕಪಕ್ಕದ ಹೈಡ್ರಾಕ್ಸಿಲ್, ಎಪಾಕ್ಸೈಡ್ ಗುಂಪುಗಳು ಕಾಯುವಾಗ ಪರಸ್ಪರ ವರ್ತಿಸಿ ಕಾರ್ಬೊನಿಲ್, ಈಥರ್ ಆಗಿ ಗಟ್ಟಿಯಾಗಿ ಬೇರೂರುತ್ತವೆ. ತೂತುಗಳು ಮುಚ್ಚಿ ಜಾಲ ನೇರ್ಪಡಬೇಕಾದರೆ ಆರ್ಗಾನ್‌ನಂಥ ಜಡ ಅನಿಲದಲ್ಲಿ 2,000 ಡಿಗ್ರಿಗೂ ಮೇಲೆ ಹೋಗಬೇಕು. ಅಷ್ಟು ಖರ್ಚಿಗೆ ಎಲ್ಲರೂ ಸಿದ್ಧರಿರುವುದಿಲ್ಲ.

ಹದ ಗುರುತಿಸುವಲ್ಲೂ ಎಡವುವವರಿದ್ದಾರೆ. ವಸ್ತುವಿನಿಂದ ಚದುರಿದ ಬೆಳಕನ್ನು ಅಳೆಯುವ ರಾಮನ್ ರೋಹಿತದಲ್ಲಿ 1,350 cm⁻¹ ಬಳಿಯ ಡಿ ಶಿಖರವನ್ನು 1,580 cm⁻¹ ಬಳಿಯ ಜಿ ಶಿಖರಕ್ಕೆ ಹೋಲಿಸಿ, ಡಿ ಎತ್ತರವಾದರೆ ದೋಷ ಹೆಚ್ಚಾಯಿತು ಎಂದು ಬರೆದುಬಿಡುವುದು ರೂಢಿ. ಕೆಲವು ನೂರು ಡಿಗ್ರಿ ಕಾಯಿಸಿದ ಮಾದರಿಯಲ್ಲಿ ಅದು ತಿರುಗುಮುರುಗಾಗಿರಲೂಬಹುದು. ಡಿ ಶಿಖರ ಏಳಬೇಕಾದರೂ ಇಂಗಾಲದ ಆರುಮೂಲೆಯ ಉಂಗುರಗಳು ಇರಲೇಬೇಕು. ತೀರಾ ಕೆಟ್ಟ ಹಾಳೆಯಲ್ಲಿ ಉಂಗುರಗಳು ಅಲ್ಲಲ್ಲಿ ಮತ್ತೆ ಕೂಡಿಕೊಂಡಾಗ ಶಿಖರವೂ ಬೆಳೆಯುತ್ತದೆ. ಚೇತರಿಕೆಯನ್ನೇ ಹಾನಿ ಎಂದು ಓದಿದ ಹಾಗಾಯಿತು!

ಹಾಗಾಗಿ ಪ್ರಬಂಧದಲ್ಲಾಗಲಿ ಮಾರಾಟದ ಡಬ್ಬಿಯ ಮೇಲಾಗಲಿ ಬರೀ ಹೆಸರು ಸಾಲದು. ಕೊಳ್ಳುವ ಮುನ್ನ ಕೇಳಿ: ಎಷ್ಟು ಡಿಗ್ರಿ, ಯಾವ ಅನಿಲ, ಎಷ್ಟು ವೇಗದಲ್ಲಿ ಕಾಯಿಸಿದ್ದು? ಉತ್ತರ ಸಿಗದಿದ್ದರೆ ಡಬ್ಬಿಯನ್ನು ಅಲ್ಲೇ ಬಿಟ್ಟು ಬನ್ನಿ.