ಹ್ಯಾಂಡಲ್ ಅದುರಿದರೆ ಬೆರಳಿಗೇಕೆ ಜೋಮು?

ಚಳ್ಳಕೆರೆ ಎಣ್ಣೆ ಗಿರಣಿಗಳ ಊರು. ಮೊಳಕಾಲ್ಮೂರು ರೇಷ್ಮೆ ಸೀರೆಗಳ ಊರು. ಇವೆರಡರ ನಡುವಣ ಬಯಲುಸೀಮೆಯ ದಾರಿಯಲ್ಲಿ ಮೋಟಾರ್ ಸೈಕಲ್ಲಿನ ಮೇಲೆ ಬಂದವರು ಇಳಿದೊಡನೆ ಮಾಡುವ ಮೊದಲ ಕೆಲಸವೆಂದರೆ ಕೈ ಕೊಡವುವುದು. "ಜೋಮು ಹಿಡಿದಿದೆ, ಈಗ ಹೋಗುತ್ತದೆ" ಎನ್ನುತ್ತಾರೆ. ಬಹುಮಟ್ಟಿಗೆ ಹೋಗುವುದೂ ನಿಜವೇ. ಆದರೆ ಮಗ್ಗದ ಮುಂದೆ ಕುಳಿತು, ಕಡಿದ ಎಳೆಯನ್ನು ಬೆರಳಿನಿಂದಲೇ ಹುಡುಕಿ ಕೂಡಿಸಬೇಕಾದ ನೇಕಾರನಿಗೆ ಸ್ಪರ್ಶವೇ ಬಂಡವಾಳವಲ್ಲವೆ? ಅವನು ಈ ಜೋಮನ್ನು ಅಲಕ್ಷಿಸುವಂತಿಲ್ಲ. ಹೊಲಿಗೆ ಹಾಕುವವರೂ, ಬರೆಯುವವರೂ ಅಷ್ಟೆ.

ಅದುರಿಗೆ ಮೂಲ ಎಂಜಿನ್ನಿನಲ್ಲಿದೆ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1961ರಿಂದ 1996ರವರೆಗೆ ತಯಾರಿಸಿದ ಜಾವಾ, ಯೆಜ್ಡಿ ಗಾಡಿಗಳಲ್ಲಿ ಬಹುಪಾಲು ಒಂದೇ ಸಿಲಿಂಡರಿನವು. ಇಂದಿಗೂ ನಮ್ಮ ರಸ್ತೆಗಳಲ್ಲಿ ಓಡುವ ಹೆಚ್ಚಿನ ಗಾಡಿಗಳು ಅಂಥವೇ. ಎಂಜಿನ್ನು ನಿಮಿಷಕ್ಕೆ 3,600 ಸುತ್ತು ತಿರುಗುವಾಗ ಅದರೊಳಗಿನ ಪಿಸ್ಟನ್ನು ಸೆಕೆಂಡಿಗೆ 60 ಸಲ ಮೇಲೇರಿ ಕೆಳಗಿಳಿಯುತ್ತದೆ. ಈ ಕುಲುಕಾಟವನ್ನು ಎದುರುತೂಕದಿಂದ ಕೊಂಚ ತಗ್ಗಿಸಬಹುದೇ ಹೊರತು ಪೂರ್ತಿಯಾಗಿ ಅಳಿಸಲಾಗದು. ಸುತ್ತು ಇಮ್ಮಡಿಯಾದರೆ ಕುಲುಕುವ ಬಲ ನಾಲ್ಮಡಿಯಾಗುತ್ತದೆ. ಇದರ ಮೇಲೆ ಹ್ಯಾಂಡಲಿಗೂ ತನ್ನದೇ ಆದ ಒಂದು ಶ್ರುತಿಯುಂಟು. ಎಂಜಿನ್ನಿನ ವೇಗ ಅದಕ್ಕೆ ಕೂಡಿಬಂದಾಗ, ಒಂದು ತಂತಿ ಮೀಟಿದರೆ ಪಕ್ಕದ ತಂತಿ ಮಿಡಿಯುವಂತೆ, ಹ್ಯಾಂಡಲು ಎಲ್ಲಕ್ಕಿಂತ ಹೆಚ್ಚಾಗಿ ನಡುಗುತ್ತದೆ.

ಇನ್ನು ಕೈಯ ವಿಚಾರ. ಕಿರುಬೆರಳು, ಉಂಗುರಬೆರಳು ಜೋಮು ಹಿಡಿದರೆ ಅಂಗೈಯ ಹೊರ ಅಂಚಿನ ನರ ಹ್ಯಾಂಡಲಿಗೆ ಒತ್ತಿಕೊಂಡಿರಬಹುದು. ಹೆಬ್ಬೆರಳು, ತೋರುಬೆರಳು, ನಡುಬೆರಳಾದರೆ ಮಣಿಕಟ್ಟಿನ ನಡುವೆ ಹಾಯುವ ನರದ ಮೇಲೆ ಒತ್ತಡ ಬಿದ್ದಿರಬಹುದು. ಮಣಿಕಟ್ಟನ್ನು ಮಡಿಸಿ ಹಿಡಿಯುವವರಿಗೆ ಇದು ಹೆಚ್ಚು. ಕಂಪನವು ರಕ್ತನಾಳಗಳನ್ನೂ ಕೆಣಕಬಲ್ಲದು. ಅಮೆರಿಕದ ಬೆಡ್‌ಫರ್ಡಿನಲ್ಲಿ ಗಾಳಿಯೊತ್ತಡದ ಸುತ್ತಿಗೆ ಹಿಡಿದ ಕಲ್ಲುಕುಟಿಗರ ಬೆರಳುಗಳು ಚಳಿಯಲ್ಲಿ ಬಿಳುಪೇರಿ ಮರಗಟ್ಟುವುದನ್ನು ಡಾಕ್ಟರ್ ಆಲಿಸ್ ಹ್ಯಾಮಿಲ್ಟನ್ 1918ರಲ್ಲಿ ಪರೀಕ್ಷಿಸಿ ವರದಿ ಮಾಡಿದರು. ಮೋಟಾರ್ ಸೈಕಲ್ಲಿನ ಅದುರು ಅಷ್ಟು ಉಗ್ರವಲ್ಲ. ಆದರೂ ದಿನವೂ ತಾಸುಗಟ್ಟಲೆ ಸವಾರಿ ಮಾಡುವವರು ಎಚ್ಚರವಾಗಿರುವುದು ಲೇಸು.

ಪರಿಹಾರವನ್ನು ಕಾಸಿಲ್ಲದ ಕಡೆಯಿಂದಲೇ ಆರಂಭಿಸೋಣ. ಹ್ಯಾಂಡಲನ್ನು ಬಿಗಿಯಾಗಿ ಹಿಡಿದಷ್ಟೂ ಅದರ ಅದುರು ತೋಳಿನೊಳಕ್ಕೆ ಹರಿಯುತ್ತದೆ. ಆದ್ದರಿಂದ ಹಿಡಿತ ಭದ್ರವಾಗಿರಲಿ, ಬಿಗಿ ಬೇಡ. ಮೈಭಾರವನ್ನು ಅಂಗೈ ಮೇಲೆ ಹಾಕದೆ, ತೊಡೆಗಳಿಂದ ಟ್ಯಾಂಕನ್ನು ಒತ್ತಿ ಹಿಡಿದು, ಬೆನ್ನು ನೆಟ್ಟಗಿಟ್ಟು ಕೂರಬೇಕು. ಮಣಿಕಟ್ಟು ಮುಂದೋಳಿನ ನೇರಕ್ಕಿರಲಿ. ಇಲ್ಲದಿದ್ದರೆ ಹ್ಯಾಂಡಲಿನ ಬೋಲ್ಟು ಸಡಿಲಿಸಿ, ಕೊಂಚ ತಿರುಗಿಸಿ, ಮತ್ತೆ ಬಿಗಿಮಾಡಿಸಿರಿ. ತಿರುವು ಕಡಿಮೆಯಾದ ದಾರಿಯಲ್ಲಿ ಕೈ ಒಂದೇ ಭಂಗಿಯಲ್ಲಿ ಉಳಿದುಬಿಡುತ್ತದೆ. ಆದುದರಿಂದ ತಳುಕಿನಲ್ಲಿ ಹತ್ತು ನಿಮಿಷ ಇಳಿದು ಒಂದು ಲೋಟ ಚಹಾ ಕುಡಿದರೆ ಕಾಲಹರಣವೇನೂ ಆಗದು.

ಬಳಿಕ ಗಾಡಿಯನ್ನು ನೋಡಬೇಕು. ಟೈರಿನ ಗಾಳಿ ಕಂಪನಿ ಹೇಳಿದಷ್ಟೇ ಇರಲಿ. ಎಂಜಿನ್ನನ್ನು ಚೌಕಟ್ಟಿಗೆ ಬಿಗಿದ ಬೋಲ್ಟುಗಳು, ಹ್ಯಾಂಡಲ್ ತಿರುಗುವ ಕಡೆಯ ಬೇರಿಂಗು, ಸರಪಳಿ, ಚಕ್ರದ ಓರೆ ಇವನ್ನು ಮೆಕ್ಯಾನಿಕ್ಕಿನಿಂದ ಪರೀಕ್ಷೆ ಮಾಡಿಸಬೇಕು. ಹಿಂದಿಲ್ಲದ ಅದುರು ಹೊಸದಾಗಿ ಬಂದಿದ್ದರೆ ಅದು ಕೈಯ ದೋಷವಲ್ಲ, ಗಾಡಿಯ ದೂರು. ಇಷ್ಟಾದರೂ ತಗ್ಗದಿದ್ದರೆ ಹ್ಯಾಂಡಲಿನ ಎರಡು ತುದಿಗಳಿಗೂ ಲೋಹದ ತೂಕ ಕೂರಿಸಬಹುದು. ತೂಕವು ಹ್ಯಾಂಡಲಿನ ಶ್ರುತಿಯನ್ನು ಬದಲಿಸುತ್ತದೆ. ಮೆತ್ತನೆಯ ಹಿಡಿಕೆ, ಅಳತೆಗೆ ಒಪ್ಪುವ ಕೈಚೀಲಗಳೂ ಸ್ವಲ್ಪ ನೆರವಾಗುತ್ತವೆ. ಹಿಡಿಕೆ ಅತಿ ದಪ್ಪವಾದರೆ ಬೆರಳುಗಳೇ ದಣಿಯುತ್ತವೆ, ಹಿಡಿತವೂ ಬಿಗಿಯಾಗುತ್ತದೆ.

ಇಳಿದ ಮೇಲೂ ಜೋಮು ಬಹಳ ಹೊತ್ತು ಉಳಿದರೆ, ರಾತ್ರಿ ನಿದ್ದೆಯಿಂದ ಎಬ್ಬಿಸಿದರೆ, ಗುಂಡಿ ಹಾಕಿಕೊಳ್ಳಲು ಬೆರಳು ತಡವರಿಸಿದರೆ, ಬೆರಳು ಬಿಳುಪೇರಿದರೆ ವೈದ್ಯರಲ್ಲಿಗೆ ಹೋಗಲೇಬೇಕು. ಸಿಹಿಮೂತ್ರವಿದ್ದವರಿಗೂ ಕತ್ತಿನ ಮೂಳೆ ಸವೆದವರಿಗೂ ಇದೇ ಲಕ್ಷಣ ಬರಬಹುದಾದ್ದರಿಂದ ಎಲ್ಲ ತಪ್ಪನ್ನೂ ಗಾಡಿಯ ಮೇಲೆ ಹೊರಿಸುವುದು ಸರಿಯಲ್ಲ. ಯಾವ ಬೆರಳು, ಎಷ್ಟು ಹೊತ್ತು ಎಂದು ನಾಲ್ಕು ದಿನ ಗುರುತು ಹಾಕಿಕೊಂಡು ಹೋದರೆ ವೈದ್ಯರ ಕೆಲಸವೂ ಸುಲಭವಾಗುತ್ತದೆ.